ಲೋಕಮಹಾದೇವಿ ಕಟ್ಟಿಸಿದಳು, ಗುಂಡ ಕಟ್ಟಿದ: ಪಟ್ಟದಕಲ್ಲಿನಲ್ಲಿ ಒಂದಕ್ಷರದ ಲೆಕ್ಕ

ಮಾರ್ಚ್ 8ರಂದು ನಾನೊಂದು ರೀಲ್ ಶೇರ್ ಮಾಡಿದ್ದೆ. ಮೂವತ್ತು ಸೆಕೆಂಡಿನದು. ಮೇಲಿಂದ ಡ್ರೋನ್ ಶಾಟ್, ಹಿನ್ನೆಲೆಯಲ್ಲಿ ಡೊಳ್ಳು, ನಡುವೆ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಲೋಕಮಹಾದೇವಿ, ಭಾರತದ ಮೊದಲ ಮಹಿಳಾ ಆರ್ಕಿಟೆಕ್ಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಇಳಕಲ್ಲಿನವಳು, ಬಾಗಲಕೋಟೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವಳು, ಹೆಣ್ಣುಮಕ್ಕಳ ಹೆಸರು ಇತಿಹಾಸದಲ್ಲಿ ಬರಬೇಕು ಅಂತ ವಾರಕ್ಕೊಮ್ಮೆಯಾದರೂ ಬರೆಯುವವಳು. ಎರಡನೇ ಸಲ ಯೋಚನೆ ಮಾಡದೆ ಶೇರ್ ಒತ್ತಿದೆ. ಲೈಕುಗಳು ಬಂದವು.

ಸಂಜೆ ಹುನಗುಂದದ ಒಬ್ಬ ಹುಡುಗನಿಂದ ಮೆಸೇಜ್ ಬಂತು. ಅವನಪ್ಪ ಗೌಂಡಿ ಕೆಲಸ ಮಾಡುತ್ತಾರಂತೆ, ಅವನು ಡಿಗ್ರಿ ಓದುತ್ತಿದ್ದಾನಂತೆ. ಅವನದು ಒಂದೇ ಪ್ರಶ್ನೆ. ರಾಣಿಯೇ ಆರ್ಕಿಟೆಕ್ಟ್ ಆದರೆ ಆ ಗುಡಿಯ ಶಾಸನದಲ್ಲಿ ಹೆಸರಿರುವ ಗುಂಡ ಯಾರು ಮೇಡಂ, ಅವನೇನು ಕಲ್ಲು ಎಣಿಸುತ್ತಿದ್ದನೇ ಅಂತ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಇದೇ ಗುಡಿಗೆ ಟ್ರಿಪ್ ಹೋಗಿದ್ದೆವು. ರಾಜ ಯುದ್ಧ ಗೆದ್ದ ನೆನಪಿಗೆ ಕಟ್ಟಿದ ಗುಡಿ ಇದು ಅಂತ ಅವತ್ತು ಕೇಳಿಸಿಕೊಂಡು, ಗ್ರೂಪ್ ಫೋಟೊ ತೆಗೆಸಿಕೊಂಡು ಬಂದಿದ್ದೆವು. ಆಗ ಕಟ್ಟಿದವನು ರಾಜ. ಈಗ ರೀಲಿನಲ್ಲಿ ಕಟ್ಟಿದವಳು ರಾಣಿ. ಗುಂಡ ಎರಡೂ ಸಲ ಇರಲಿಲ್ಲ.

ಹಾಗಾಗಿ ಹೋದ ತಿಂಗಳು ಇಳಕಲ್ಲಿನಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿಸಿಕೊಂಡು ಹೊರಟೆ. ಹುನಗುಂದ, ಅಮೀನಗಡ, ಐಹೊಳೆ, ಅಲ್ಲಿಂದ ಪಟ್ಟದಕಲ್ಲು. ಈ ಬರಹ ಲೋಕಮಹಾದೇವಿಯ ಬದುಕಿನ ಕಥೆ. ಜತೆಗೆ, ನಾನು ಶೇರ್ ಮಾಡಿದ ಒಂದು ತಪ್ಪಿನ ತಿದ್ದುಪಡಿ.

ಹೈಹಯರ ಮಗಳು, ಚಾಲುಕ್ಯರ ಸೊಸೆ

ಲೋಕಮಹಾದೇವಿ ಬಾದಾಮಿಯ ಹುಡುಗಿಯಲ್ಲ. ಮಧ್ಯಭಾರತದ ಹೈಹಯ ವಂಶದವಳು. ಕಲಚುರಿಗಳು ಅಂತಲೂ ಅವರನ್ನು ಕರೆಯುತ್ತಾರೆ. ಒಂದು ಕಾಲಕ್ಕೆ ಚಾಲುಕ್ಯರ ಜತೆ ಕಾದಾಡಿದ ಮನೆತನ, ಆಮೇಲೆ ಹೆಣ್ಣು ಕೊಟ್ಟು ಬೀಗರಾದ ಮನೆತನ. ಆಕೆ ಮದುವೆಯಾದದ್ದು ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯನನ್ನು. ಆಕೆಯ ಒಡಹುಟ್ಟಿದ ತಂಗಿ ತ್ರೈಲೋಕ್ಯಮಹಾದೇವಿಯೂ ಅದೇ ರಾಜನ ಹೆಂಡತಿ. ಅಕ್ಕ ಪಟ್ಟದರಾಣಿ, ತಂಗಿ ಕಿರಿಯ ರಾಣಿ. ಇಬ್ಬರು ಅಕ್ಕತಂಗಿಯರು, ಒಬ್ಬ ಗಂಡ, ಒಂದೇ ಅರಮನೆ. ಇದನ್ನು ಪ್ರೇಮಕಥೆ ಮಾಡಿ ಓದಬೇಡಿ. ರಾಜಮನೆತನಗಳ ನಡುವಿನ ಒಪ್ಪಂದಕ್ಕೆ ಹೆಣ್ಣುಮಕ್ಕಳೇ ಸಹಿ ಆಗಿದ್ದ ಕಾಲ ಅದು.

ಸೊಸೆಯಾಗಿ ಬಂದಾಗ ಮಾವ ವಿಜಯಾದಿತ್ಯ ಗದ್ದುಗೆಯಲ್ಲಿದ್ದ. 696ರಿಂದ 733ರವರೆಗೆ, ಮೂವತ್ತೇಳು ವರ್ಷ ಆಳಿದವನು. ಪಟ್ಟದಕಲ್ಲಿಗೆ ಆಗ ಕಿಸುವೊಳಲ್ ಎಂಬ ಹೆಸರು. ಕೆಂಪು ಊರು ಅಂತ ಅರ್ಥ. ಸುತ್ತಲಿನ ಗುಡ್ಡದ ಕಲ್ಲು ನೋಡಿದರೆ ಆ ಹೆಸರು ಯಾಕೆ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬಾದಾಮಿ ಅಧಿಕಾರದ ಊರಾದರೆ, ಪಟ್ಟ ಕಟ್ಟುವ ಊರು ಇದು. ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ, ಅದಕ್ಕೇ ಈ ಜಾಗ ಪವಿತ್ರ ಅನ್ನುವ ನಂಬಿಕೆ. ವಿಜಯಾದಿತ್ಯ ಇಲ್ಲಿ ತನ್ನ ಹೆಸರಲ್ಲಿ ವಿಜಯೇಶ್ವರ ಎಂಬ ಗುಡಿ ಕಟ್ಟಿಸಿದ. ಅದು ಇವತ್ತಿನ ಸಂಗಮೇಶ್ವರ. ಹೋಗಿ ನೋಡಿ, ಅದರ ಕೆತ್ತನೆ ಪೂರ್ತಿಯಾಗಿಲ್ಲ.

ಲೋಕಮಹಾದೇವಿ ಈ ನಾಡಿನಲ್ಲಿ ಗುಡಿಯ ವ್ಯವಹಾರಕ್ಕೆ ಕೈ ಹಾಕಿದ ಮೊದಲ ಹೆಣ್ಣೇನೂ ಅಲ್ಲ. ಆಕೆಯ ಮುಂದೆ ಒಂದು ಸಾಲೇ ಇತ್ತು. ಬಾದಾಮಿ ಹತ್ತಿರದ ಮಹಾಕೂಟದ ಕಂಬದ ಶಾಸನ 602ರದು, ಮಂಗಲೇಶನ ಕಾಲದ್ದು. ಅಲ್ಲಿ ಮೊದಲನೇ ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರಿದೆ, ಮಕುಟೇಶ್ವರನಿಗೆ ಕೊಟ್ಟ ಹತ್ತು ಊರುಗಳ ಜತೆಗೆ. 699ರ ಬಾದಾಮಿಯ ಶಾಸನದಲ್ಲಿ ವಿಜಯಾದಿತ್ಯನ ತಾಯಿ ವಿನಯವತಿ ಇದ್ದಾಳೆ, ಬ್ರಹ್ಮ ವಿಷ್ಣು ಮಹೇಶ್ವರರ ಪ್ರತಿಷ್ಠೆಯ ಜತೆಗೆ. ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿ ಪುಲಿಗೆರೆಯಲ್ಲಿ, ಅಂದರೆ ಇವತ್ತಿನ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿ ಕಟ್ಟಿಸಿದಳು.

ನನಗೆ ಇವರೆಲ್ಲರಿಗಿಂತ ಹೆಚ್ಚು ಕಾಡುವವಳು ವಿನಾಪೋಟಿ. ವಿಜಯಾದಿತ್ಯನ ಪ್ರಾಣವಲ್ಲಭೆ. ರಾಣಿಯಲ್ಲ, ಗಣಿಕೆ. ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಬೆಳ್ಳಿಯ ಕೊಡೆ ಎತ್ತಿಸಿ, ಹೊಲ ಬಿಟ್ಟವಳು. ಆ ಶಾಸನ ಆಕೆಯ ಅಪ್ಪ ಯಾರು ಅಂತ ಹೇಳುವುದಿಲ್ಲ. ರೇವಮಂಚಲು, ಕುಚಿಪೋಟಿ, ವಿನಾಪೋಟಿ ಅಂತ ಮೂರು ತಲೆಮಾರಿನ ಹೆಣ್ಣುಗಳನ್ನೇ ಸಾಲಾಗಿ ಹೇಳುತ್ತದೆ. ಇವತ್ತು ಯಾವುದೇ ಸರ್ಕಾರಿ ಅರ್ಜಿ ತುಂಬಿ ನೋಡಿ, ತಂದೆ ಅಥವಾ ಗಂಡನ ಹೆಸರು ಅಂತ ಒಂದು ಖಾನೆ ಕಾಯುತ್ತಾ ಕೂತಿರುತ್ತದೆ.

ಹೀಗೆ, ಕಲ್ಲಿನ ಮೇಲೆ ಹೆಣ್ಣಿನ ಹೆಸರು ಬರುವುದು ಬಾದಾಮಿಯ ಮನೆತನಕ್ಕೆ ಹೊಸದಾಗಿರಲಿಲ್ಲ. ಲೋಕಮಹಾದೇವಿ ಮಾಡಿದ್ದು ಬೇರೆ ಅಳತೆಯ ಕೆಲಸ. ಮಾವ ಕಟ್ಟಿಸಿದ ಗುಡಿಯ ಪಕ್ಕದಲ್ಲೇ ನಿಂತು, ಅದಕ್ಕಿಂತ ದೊಡ್ಡದನ್ನು ತನ್ನ ಹೆಸರಲ್ಲಿ ಎಬ್ಬಿಸಿದಳು.

ಮೂರು ಸಲ ಕಂಚಿ

ಆಕೆಯ ಗಂಡನನ್ನು ಶಾಸನಗಳು ನೆನೆಯುವುದು ಕಂಚಿಯನ್ನು ಮೂರು ಸಲ ಗೆದ್ದವನು ಅಂತ. ಮೊದಲ ಸಲ ಅವನಿನ್ನೂ ಯುವರಾಜ, ಅಪ್ಪನ ಆಳ್ವಿಕೆಯ ಕೊನೆಯ ವರ್ಷಗಳು. ಎರಡನೇ ಸಲ ತಾನೇ ರಾಜ, ಎದುರಿಗೆ ಪಲ್ಲವ ನಂದಿವರ್ಮ. ಮೂರನೇ ಸಲ ದಂಡು ಒಯ್ದವನು ಮಗ ಕೀರ್ತಿವರ್ಮ.

ಇದರ ಹಿಂದೆ ಒಂದು ಹಳೇ ಗಾಯ ಇತ್ತು. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು, ಅಲ್ಲಿನ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಿ ಹೋಗಿದ್ದ. ನೂರು ವರ್ಷದ ಹತ್ತಿರ ಹತ್ತಿರ ಆ ಅಕ್ಷರಗಳನ್ನು ನೋಡಿಕೊಂಡೇ ಚಾಲುಕ್ಯರು ಬೆಳೆದರು. ವಿಕ್ರಮಾದಿತ್ಯ ಕಂಚಿಗೆ ನುಗ್ಗಿದಾಗ ಸೇಡಿಗೆ ಸೇಡು ಅಂತ ಊರು ಸುಡಬಹುದಿತ್ತು. ಸುಡಲಿಲ್ಲ. ರಾಜಸಿಂಹೇಶ್ವರ, ಅಂದರೆ ಇವತ್ತಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಮರಳಿ ಬಿಟ್ಟ ಅಂತ ಆ ಗುಡಿಯ ಕಂಬದ ಮೇಲೇ ಕನ್ನಡದಲ್ಲಿ ಬರೆಸಿದ. ತಮಿಳುನಾಡಿನ ನಡುವೆ ಇವತ್ತಿಗೂ ಆ ಕನ್ನಡ ಶಾಸನ ಇದೆ. ಗೆದ್ದವನ ಜಂಬ ಅದರಲ್ಲಿ ಇಲ್ಲವೇ ಅಂದರೆ ಇದೆ. ಆದರೂ ಗುಡಿ ಒಡೆಯುವುದೇ ಶೌರ್ಯ ಅನ್ನುವವರಿಗೂ, ಭಾಷೆಯ ಹೆಸರಲ್ಲಿ ಕಂಚಿ ಬಾದಾಮಿಗಳನ್ನು ಜಗಳಕ್ಕೆ ನಿಲ್ಲಿಸುವವರಿಗೂ ಆ ಕಂಬವನ್ನು ಒಂದು ಸಲ ತೋರಿಸಬೇಕು.

ಕಂಚಿಯ ಕೈಲಾಸನಾಥದಲ್ಲಿ ಇನ್ನೊಂದು ವಿಷಯ ಇದೆ. ಆ ಗುಡಿಯ ಮುಂದಿನ ಸಾಲು ಗುಡಿಗಳಲ್ಲಿ ಒಂದನ್ನು ಕಟ್ಟಿಸಿದವಳು ರಂಗಪತಾಕೆ ಎಂಬ ಪಲ್ಲವ ರಾಣಿ. ಆಕೆಯ ಶಾಸನವೂ ಅಲ್ಲೇ ಇದೆ. ಸೋತವರ ಊರಲ್ಲೂ ಗೆದ್ದವರ ಊರಲ್ಲೂ ಹೆಣ್ಣುಮಕ್ಕಳು ಕಲ್ಲು ಕೆತ್ತಿಸುತ್ತಿದ್ದರು ಅನ್ನುವುದಕ್ಕೆ ಇಷ್ಟು ಸಾಕು.

ಈ ಗೆಲುವುಗಳ ಬೆನ್ನಿಗೆ, 740ರ ಸುಮಾರಿಗೆ, ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ತನ್ನ ಗುಡಿ ಕಟ್ಟಿಸಿದಳು. ಅದರ ಮೂಲ ಹೆಸರು ವಿರೂಪಾಕ್ಷ ಅಲ್ಲ, ಲೋಕೇಶ್ವರ. ಕಟ್ಟಿಸಿದವಳ ಹೆಸರೇ ದೇವರ ಹೆಸರು. ಪಕ್ಕದಲ್ಲಿ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು ತ್ರೈಲೋಕ್ಯೇಶ್ವರ, ಇವತ್ತಿನ ಮಲ್ಲಿಕಾರ್ಜುನ. ಗೆದ್ದದ್ದು ಗಂಡ ಇರಬಹುದು, ದೇವರಿಗೆ ಇಟ್ಟದ್ದು ಗಂಡನ ಹೆಸರಲ್ಲ. ಎಂಜಿನಿಯರಿಂಗ್ ಟ್ರಿಪ್ಪಿನಲ್ಲಿ ನಮಗೆ ಯಾರೂ ಹೇಳದೇ ಹೋದದ್ದು ಇದೇ.

ಸೈಟ್ ಎಂಜಿನಿಯರ್ ಕಣ್ಣಿನಲ್ಲಿ

ಈಗ ಗುಡಿಯ ಒಳಗೆ ಹೋಗೋಣ. ಪೂರ್ವಕ್ಕೆ, ನದಿಯ ಕಡೆಗೆ ಬಾಗಿಲು. ಬಾಗಿಲು ದಾಟಿದರೆ ಬೇರೆಯಾಗಿ ನಿಂತ ನಂದಿ ಮಂಟಪ. ಅದರ ಎದುರಿಗೆ ಮುಖ್ಯ ಗುಡಿ. ಮೂರು ದಿಕ್ಕಿಗೆ ಮುಖಮಂಟಪ, ನಡುವೆ ಕಂಬಗಳ ದೊಡ್ಡ ಸಭಾಮಂಟಪ, ಆಮೇಲೆ ಗರ್ಭಗುಡಿ, ಗರ್ಭಗುಡಿಯ ಸುತ್ತ ಪ್ರದಕ್ಷಿಣೆಯ ದಾರಿ. ಆ ದಾರಿಗೆ ಬೆಳಕು ಬರುವುದು ಕಲ್ಲಿನ ಜಾಲಂಧ್ರಗಳಿಂದ. ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ ಶೈಲಿಯ ವಿಮಾನ, ಅದರ ಮುಂದೆ ಮೂಗಿನಂತೆ ಚಾಚಿದ ಶುಕನಾಸಿ. ಎಲ್ಲದರ ಸುತ್ತ ಪ್ರಾಕಾರ, ಅದಕ್ಕೆ ಅಂಟಿಕೊಂಡು ಚಿಕ್ಕ ಚಿಕ್ಕ ಗುಡಿಗಳು. ಈ ಒಟ್ಟು ವಿನ್ಯಾಸ ಕಂಚಿಯ ಕೈಲಾಸನಾಥವನ್ನು ನೆನಪಿಗೆ ತರುತ್ತದೆ. ಆದರೆ ಇದು ನಕಲು ಅಲ್ಲ. ಐಹೊಳೆ ಬಾದಾಮಿಗಳಲ್ಲಿ ನೂರೈವತ್ತು ವರ್ಷ ಕೈ ಪಳಗಿಸಿಕೊಂಡವರು ಪಕ್ಕದ ಊರಿನ ಒಳ್ಳೇ ಕೆಲಸ ನೋಡಿ, ಅದನ್ನು ತಮ್ಮ ಕಲ್ಲಿಗೆ, ತಮ್ಮ ರೂಢಿಗೆ ಒಗ್ಗಿಸಿದ್ದು.

ಕಲ್ಲು ಮರಳುಗಲ್ಲು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂಡಿಸಿದ್ದಾರೆ, ತೂಕವೇ ಅಂಟು. ಕಲ್ಲಿನ ಗುಣ ಏನಂದರೆ, ಮೇಲಿಂದ ಒತ್ತಿದರೆ ತಡೆಯುತ್ತದೆ, ಬಾಗಿಸಿದರೆ ಮುರಿಯುತ್ತದೆ. ಅದಕ್ಕೇ ಕಲ್ಲಿನ ತೊಲೆಯನ್ನು ತುಂಬಾ ಉದ್ದ ಚಾಚಲು ಆಗುವುದಿಲ್ಲ, ಹತ್ತಿರ ಹತ್ತಿರ ಕಂಬ ಬೇಕು. ದೊಡ್ಡ ಮಂಟಪ ಬೇಕು ಅಂದರೆ ಕಂಬಗಳ ಕಾಡು ಆಗುತ್ತದೆ. ಇಲ್ಲಿ ಆ ಕಟ್ಟುಪಾಡನ್ನೇ ಉಪಯೋಗ ಮಾಡಿಕೊಂಡಿದ್ದಾರೆ. ಕಂಬದ ಮೈಯೆಲ್ಲ ರಾಮಾಯಣ, ಮಹಾಭಾರತದ ಕಥೆ. ಸೀತೆಯನ್ನು ಒಯ್ಯುವ ರಾವಣ, ತಡೆಯುವ ಜಟಾಯು, ಬಾಣದ ಮಂಚದ ಮೇಲೆ ಭೀಷ್ಮ. ಓದು ಬಾರದವರಿಗೂ ಕಂಬ ಸುತ್ತಿದರೆ ಕಥೆ ಸಿಗುತ್ತದೆ.

ಇಂಥ ಕೆಲಸಕ್ಕೆ ಏನೆಲ್ಲ ಬೇಕು ಅಂತ ಒಂದು ಸೈಟ್‌ನಲ್ಲಿ ಆರು ತಿಂಗಳು ನಿಂತವರಿಗೂ ಗೊತ್ತಾಗುತ್ತದೆ. ಕಲ್ಲಿನ ಖಣಿ, ಅಲ್ಲಿಂದ ಸಾಗಣೆ, ಉಳಿ ಹದ ಮಾಡಲು ಕಮ್ಮಾರರು, ಕೆತ್ತುವವರು, ಎತ್ತುವವರು, ಹೊರುವವರು, ಅಷ್ಟೂ ಜನಕ್ಕೆ ಜೋಳ. ಅದೂ ಒಂದು ತಿಂಗಳಿಗಲ್ಲ, ವರ್ಷಗಟ್ಟಲೆ. ನಡುವೆ ದುಡ್ಡು ನಿಂತರೆ ಕೆಲಸ ನಿಲ್ಲುತ್ತದೆ. ಮಾವನ ಗುಡಿಯ ಗೋಡೆ ಅರ್ಧ ಕೆತ್ತನೆಯಲ್ಲಿ ನಿಂತದ್ದನ್ನು ಅಲ್ಲೇ ನೋಡಬಹುದು. ಸೊಸೆಯ ಗುಡಿ ಮುಗಿಯಿತು.

ಗುಂಡನ ಹೆಸರು

ಈಗ ಹುನಗುಂದದ ಹುಡುಗನ ಪ್ರಶ್ನೆಗೆ ಬರುತ್ತೇನೆ. ವಿರೂಪಾಕ್ಷ ಗುಡಿಯ ಶಾಸನಗಳನ್ನು 1881ರಲ್ಲಿ ಜೆ.ಎಫ್. ಫ್ಲೀಟ್ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚು ಹಾಕಿಸಿದ. ಅವು ಹಳಗನ್ನಡದಲ್ಲಿವೆ. ಅವುಗಳ ಸಾರ ಇಷ್ಟು: ಕಂಚಿಯನ್ನು ಮೂರು ಸಲ ಗೆದ್ದ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯ ಈ ಗುಡಿಯ ಸೂತ್ರಧಾರಿ ಗುಂಡ. ಅನಿವಾರಿತಾಚಾರಿ ಎಂದೂ ಅವನಿಗೆ ಹೆಸರು. ಅವನಿಗೆ ಪೆರ್ಜೆರೆಪು ಎಂಬ ಗೌರವ ಸಂದಿತು, ತ್ರಿಭುವನಾಚಾರಿ ಎಂಬ ಬಿರುದು ಸಂದಿತು.

ಸೂತ್ರಧಾರಿ ಅಂದರೆ ಸೂತ್ರ ಹಿಡಿದವನು. ಸೂತ್ರ ಅಂದರೆ ದಾರ. ಇವತ್ತಿಗೂ ಗೌಂಡಿ ಗೋಡೆ ಎಬ್ಬಿಸುವ ಮುಂಚೆ ಎರಡು ಗೂಟಕ್ಕೆ ಲೈನ್ ದಾರ ಕಟ್ಟುತ್ತಾನಲ್ಲ, ಅದೇ. ಎಲ್ಲಿಂದ ಎಲ್ಲಿಗೆ ಗೋಡೆ, ಎಷ್ಟು ದಪ್ಪ, ಎಲ್ಲಿ ಕಂಬ ಅಂತ ದಾರ ಹಿಡಿದು ತೀರ್ಮಾನ ಮಾಡಿದವನು ಗುಂಡ. ಇವತ್ತಿನ ಭಾಷೆಯಲ್ಲಿ ಆರ್ಕಿಟೆಕ್ಟ್ ಎಂಬ ಪದ ಯಾರಿಗಾದರೂ ಸಲ್ಲಬೇಕಿದ್ದರೆ ಅದು ಅವನಿಗೆ.

ಅವನೊಬ್ಬನೇ ಅಲ್ಲ. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬ ದೊಡ್ಡ ಕುಶಲಿಯ ಹೆಸರೂ ಈ ಗುಡಿಯಲ್ಲಿದೆ. ಅರಮನೆ, ಮನೆ, ವಾಹನ, ಆಸನ, ಮಂಚ ಎಲ್ಲವನ್ನೂ ಮಾಡಬಲ್ಲವನು, ತೆಂಕಣ ದಿಕ್ಕಿನ ಸೂತ್ರಧಾರಿ ಅಂತ ಅವನನ್ನು ಹೊಗಳಿದ್ದಾರೆ. ಶಿಲ್ಪಗಳ ಹತ್ತಿರ ಕೆತ್ತಿದವರ ಹೆಸರುಗಳೂ ಇವೆ. ಬಲದೇವ, ಚೆಂಗಮ್ಮ ಅಂಥವು.

ಚೆಂಗಮ್ಮ ಅಂದ ಕೂಡಲೇ ನನ್ನ ಕೈ ಮತ್ತೆ ಫೋನಿಗೆ ಹೋಯಿತು. ಎಂಟನೇ ಶತಮಾನದ ಮಹಿಳಾ ಶಿಲ್ಪಿ ಅಂತ ಇನ್ನೊಂದು ಪೋಸ್ಟ್ ಆಗಬಹುದಿತ್ತು. ತಡೆದುಕೊಂಡೆ. ಆ ಕಾಲದಲ್ಲಿ ಅಮ್ಮ ಎಂಬುದು ಗಂಡಸರ ಹೆಸರಿನಲ್ಲೂ ಬರುತ್ತಿತ್ತು. ವೆಂಗಿಯ ಪೂರ್ವ ಚಾಲುಕ್ಯರಲ್ಲಿ ಅಮ್ಮ ಎಂಬ ಹೆಸರಿನ ರಾಜರೇ ಇದ್ದಾರೆ. ಚೆಂಗಮ್ಮ ಹೆಣ್ಣು ಅಂತ ಹೆಸರೊಂದರಿಂದಲೇ ಹೇಳಲು ಬರುವುದಿಲ್ಲ. ನಮಗೆ ಬೇಕಾದ ಉತ್ತರ ಎಂಬ ಕಾರಣಕ್ಕೆ ಅದು ನಿಜ ಆಗುವುದಿಲ್ಲ. ಎದುರು ಪಾಳಯದವರು ಇತಿಹಾಸ ತಿರುಚಿದಾಗ ನಾವು ಕೂಗುತ್ತೇವೆ. ಆ ನಿಯಮ ನಮಗೂ ಇರಬೇಕಲ್ಲ.

ಇನ್ನೊಂದು ಶಾಸನ ಇದೆ, ನನಗೆ ಅದು ಬಹಳ ಇಷ್ಟ. ವಿಜಯಾದಿತ್ಯ ಹಿಂದೆ ಇಲ್ಲಿನ ಗಾಯಕರಿಗೆ ಕೆಲವು ಹಕ್ಕುಗಳನ್ನು ಕೊಟ್ಟಿದ್ದ. ಲೋಕಮಹಾದೇವಿ ಅವುಗಳನ್ನು ಮತ್ತೆ ಸ್ಥಿರ ಮಾಡಿದಳು. ಇದು ಸಣ್ಣ ಸುದ್ದಿ ಅನ್ನಿಸಬಹುದು. ಆದರೆ ಸರ್ಕಾರ ಬದಲಾದಾಗ ಹಿಂದಿನವರು ಕೊಟ್ಟ ಮಾತು ಏನಾಗುತ್ತದೆ ಅಂತ ಗುತ್ತಿಗೆ ನೌಕರರನ್ನು, ಅತಿಥಿ ಉಪನ್ಯಾಸಕರನ್ನು ಕೇಳಿ. ಹಳೇ ರಾಜ ಹೋದ, ಹೊಸ ಆಳ್ವಿಕೆ ಬಂತು, ಹಾಡುವವರ ಹಕ್ಕು ಉಳಿಯಿತು. ಅದನ್ನು ಬಾಯಿಮಾತಿನಲ್ಲಿ ಬಿಡದೆ ಕಲ್ಲಿನ ಮೇಲೆ ಹಾಕಿದ್ದಾರೆ.

ಕಟ್ಟುವುದು, ಕಟ್ಟಿಸುವುದು

ಕನ್ನಡದಲ್ಲಿ ಕಟ್ಟಿದಳು, ಕಟ್ಟಿಸಿದಳು ಎರಡಕ್ಕೂ ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಆ ಒಂದು ಸಿ ಒಳಗೆ ಇಡೀ ಸಮಾಜ ಇದೆ. ಒಂದು ಕಡೆ ದುಡ್ಡು, ಅಧಿಕಾರ, ಇಚ್ಛೆ. ಇನ್ನೊಂದು ಕಡೆ ವಿದ್ಯೆ, ಕೈ, ಬೆನ್ನು. ಲೋಕಮಹಾದೇವಿ ಸಿ ಇರುವ ಕಡೆಯವಳು. ಆರ್ಕಿಟೆಕ್ಟ್ ಅಲ್ಲ, ಕಟ್ಟಿಸಿದವಳು. ಇದನ್ನು ಹೇಳಿದರೆ ಆಕೆ ಚಿಕ್ಕವಳಾಗುತ್ತಾಳೆ ಅಂತ ನನಗೆ ಅನ್ನಿಸುವುದಿಲ್ಲ. ಏನು ಬೇಕು, ಎಲ್ಲಿ ಬೇಕು, ಯಾರ ಕೈಲಿ ಆಗಬೇಕು, ಯಾರ ಹೆಸರಲ್ಲಿ ನಿಲ್ಲಬೇಕು ಅನ್ನುವ ತೀರ್ಮಾನ ಸಣ್ಣದಲ್ಲ. ಇವತ್ತಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಟ್ಟೆ ಎಷ್ಟು ಎತ್ತರ ಇರಬೇಕು ಅಂತ ಅಲ್ಲಿ ನಿಲ್ಲುವವಳನ್ನು ಯಾರೂ ಕೇಳುವುದಿಲ್ಲ.

ವೃತ್ತಿಯ ಅರ್ಥದಲ್ಲಿ ಮೊದಮೊದಲ ಮಹಿಳಾ ಆರ್ಕಿಟೆಕ್ಟ್ ಬೇಕು ಅಂದರೆ ಆ ಕಥೆ ಬೇರೆ, ಅದಕ್ಕೂ ಕರ್ನಾಟಕದ ನಂಟಿದೆ. ಶ್ರೀಲಂಕಾದ ಕ್ಯಾಂಡಿಯವಳಾದ ಮಿನೆಟ್ ಡಿ ಸಿಲ್ವಾ ಮುಂಬೈಯಲ್ಲಿ ಓದಿ, 1940ರ ದಶಕದಲ್ಲಿ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್ ಹತ್ತಿರ ಕೆಲಸ ಮಾಡಿದಳು. 1948ರಲ್ಲಿ ಬ್ರಿಟನ್ನಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್ ಸದಸ್ಯೆಯಾದ ಮೊದಲ ಏಷ್ಯಾದ ಹೆಣ್ಣು ಆಕೆ. ಆಕೆ ದಾರ ಹಿಡಿದವಳು, ಲೋಕಮಹಾದೇವಿ ದಾರ ಹಿಡಿಸಿದವಳು. ಇಬ್ಬರನ್ನೂ ಅವರವರ ಕೆಲಸಕ್ಕೇ ನೆನೆಯೋಣ.

ಈ ವ್ಯತ್ಯಾಸ ನನಗೆ ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ನಾನು ಇನ್ನೊಂದು ಕಡೆಯಲ್ಲೂ ನಿಂತಿದ್ದೇನೆ. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಒಂದು ಕಂಪನಿಯಲ್ಲಿ ಕೆಲಸ ಮಾಡಿದೆ. ಮೂರು ವಾರ ರಾತ್ರಿ ಕೂತು ಒಂದು ಕಟ್ಟಡದ ಡ್ರಾಯಿಂಗ್ ಮಾಡಿದ್ದೆ. ಪ್ರಿಂಟ್ ಬಂದಾಗ ಬಲಗಡೆ ಕೆಳಗಿನ ಚೌಕದಲ್ಲಿ ನನ್ನ ಹೆಸರಿನ ಜಾಗದಲ್ಲಿ ಬೇರೊಬ್ಬರ ಹೆಸರಿತ್ತು. ಕೇಳಿದ್ದಕ್ಕೆ, ಹೆಸರು ಯಾರದಾದರೇನು, ಕಟ್ಟಡ ನಿಂತರೆ ಆಯಿತಲ್ಲ ಅಂದರು. ನಾನು ಪತ್ರಿಕೋದ್ಯಮಕ್ಕೆ ಬರಲು ಅದೊಂದೇ ಕಾರಣ ಅಲ್ಲ. ಆದರೆ ಮರೆತಿಲ್ಲ. ಅಂಥ ನಾನೇ ಒಂದು ಬೆರಳು ತಾಕಿಸಿ ಗುಂಡನ ಹೆಸರಿನ ಮೇಲೆ ರಾಣಿಯ ಹೆಸರು ಹಾಕಿ ಸಾವಿರಾರು ಜನಕ್ಕೆ ಹಂಚಿದ್ದೆ. ಹೆಣ್ಣಿಗೆ ನ್ಯಾಯ ಕೊಡಿಸುತ್ತಿದ್ದೇನೆ ಅಂದುಕೊಂಡು ಕಸುಬಿನವನಿಗೆ ಅನ್ಯಾಯ ಮಾಡಿದ್ದೆ.

ಅದೂ ಆಕೆಯದೇ ಗುಡಿಯಲ್ಲಿ! ರಾಣಿಯ ಹೆಸರೂ, ಸೂತ್ರಧಾರಿಯ ಹೆಸರೂ ಒಂದೇ ಶಾಸನದಲ್ಲಿ ಇರುವ ಗುಡಿ ಅದು. ನಮ್ಮ ಊರುಗಳ ಶಂಕುಸ್ಥಾಪನೆಯ ಕಲ್ಲುಗಳನ್ನು ಓದಿ ನೋಡಿ. ಮಂತ್ರಿ, ಶಾಸಕರು, ಅಧ್ಯಕ್ಷರು, ಘನ ಉಪಸ್ಥಿತಿ, ಅಧಿಕಾರಿಗಳು. ಸೇತುವೆ ಕಟ್ಟಿದ ಮೇಸ್ತ್ರಿಯ ಹೆಸರು ನಾನಂತೂ ಒಂದರಲ್ಲೂ ಕಂಡಿಲ್ಲ. ಸಾವಿರದ ಇನ್ನೂರೆಂಬತ್ತು ವರ್ಷದ ಹಿಂದಿನ ರಾಜಪ್ರಭುತ್ವದ ಕಲ್ಲಿನಲ್ಲಿ ಗುಂಡನಿಗೆ ಸಿಕ್ಕ ಜಾಗ ಪ್ರಜಾಪ್ರಭುತ್ವದ ಗ್ರಾನೈಟಿನಲ್ಲಿ ಮೇಸ್ತ್ರಿಗೆ ಸಿಕ್ಕಿಲ್ಲ.

ಹೆಸರು ಹೋದದ್ದು, ಉಳಿದದ್ದು

744-45ರ ಹೊತ್ತಿಗೆ ವಿಕ್ರಮಾದಿತ್ಯನ ಕಾಲ ಮುಗಿಯಿತು. ಗದ್ದುಗೆಗೆ ಬಂದವನು ತಂಗಿಯ ಮಗ, ಎರಡನೇ ಕೀರ್ತಿವರ್ಮ. ನಾವು ಅಕ್ಕತಂಗಿಯರ ಬಗ್ಗೆ ಇಷ್ಟು ತಿಳಿದುಕೊಂಡಿರುವುದು ಅವನ ಕಾಲದಲ್ಲಿ, 754ರಲ್ಲಿ, ನಿಂತ ಒಂದು ಕಂಬದಿಂದ. ಗಂಗಾನದಿಯ ಕಡೆಯಿಂದ ಬಂದಿದ್ದ ಜ್ಞಾನಶಿವಾಚಾರ್ಯ ಎಂಬ ಶೈವ ಗುರು ಅದನ್ನು ನಿಲ್ಲಿಸಿದ. ಸಂಸ್ಕೃತದ ಒಂದೇ ಪಾಠವನ್ನು ಎರಡು ಲಿಪಿಯಲ್ಲಿ ಕೆತ್ತಿಸಿದ್ದಾರೆ. ಒಂದು ಇಲ್ಲಿನವರು ಓದುವ ಲಿಪಿ, ಇನ್ನೊಂದು ಉತ್ತರದವರು ಓದುವ ಲಿಪಿ. ಬಂದವರಿಗೂ ಇದ್ದವರಿಗೂ ತಿಳಿಯಲಿ ಅನ್ನುವ ವ್ಯವಸ್ಥೆ. ಹಿಂದಿ ಹೇರಿಕೆಯ ಬಗ್ಗೆ ಮಾತಾಡುವಾಗ ನನಗೆ ಈ ಕಂಬ ನೆನಪಾಗುತ್ತದೆ.

ಆ ಹೊತ್ತಿಗಾಗಲೇ ಚಾಲುಕ್ಯರ ನೆಲ ಅಲುಗುತ್ತಿತ್ತು. ರಾಷ್ಟ್ರಕೂಟ ದಂತಿದುರ್ಗ ಅವರನ್ನು ಸೋಲಿಸಿದ್ದ. ಕೆಲವೇ ವರ್ಷಗಳಲ್ಲಿ ಬಾದಾಮಿಯ ರಾಜ್ಯವೇ ಇಲ್ಲವಾಯಿತು. ಆದರೆ ರಾಜ್ಯ ಗೆದ್ದವರು ಗುಡಿಯನ್ನು ನೋಡಿದರು. ದಂತಿದುರ್ಗನ ನಂತರ ಬಂದ ಮೊದಲನೇ ಕೃಷ್ಣನ ಕಾಲದಲ್ಲಿ ಎಲ್ಲೋರದ ಬೆಟ್ಟವನ್ನು ಮೇಲಿಂದ ಕೆಳಕ್ಕೆ ಕಡಿದು ತೆಗೆದ ಕೈಲಾಸಕ್ಕೆ ಪಟ್ಟದಕಲ್ಲಿನ ಈ ಗುಡಿಯೇ ಮಾದರಿ ಅಂತ ಕಲಾ ಇತಿಹಾಸಕಾರರು ಹೇಳುತ್ತಾರೆ. ಕಂಚಿಯಿಂದ ಪಟ್ಟದಕಲ್ಲಿಗೆ, ಪಟ್ಟದಕಲ್ಲಿನಿಂದ ಎಲ್ಲೋರಕ್ಕೆ. ರಾಜರು ಒಬ್ಬರನ್ನೊಬ್ಬರು ಸೋಲಿಸುತ್ತಾ ಹೋದರು, ಸೂತ್ರಧಾರಿಗಳು ಒಬ್ಬರಿಂದೊಬ್ಬರು ಕಲಿಯುತ್ತಾ ಹೋದರು.

ಗುಡಿ ಉಳಿಯಿತು, ಹೆಸರು ಉಳಿಯಲಿಲ್ಲ. ಲೋಕೇಶ್ವರ ವಿರೂಪಾಕ್ಷನಾದ. ತ್ರೈಲೋಕ್ಯೇಶ್ವರ ಮಲ್ಲಿಕಾರ್ಜುನನಾದ. ನ್ಯಾಯವಾಗಿ ಹೇಳಬೇಕೆಂದರೆ ಮಾವನ ವಿಜಯೇಶ್ವರವೂ ಸಂಗಮೇಶ್ವರವಾಯಿತು, ಜನರ ಬಾಯಿ ರಾಜ ರಾಣಿ ಅಂತ ನೋಡಲಿಲ್ಲ. ಆದರೆ ರಾಜನ ಹೆಸರಿಗೆ ಪಠ್ಯಪುಸ್ತಕ ಇದೆ, ಯುದ್ಧಗಳ ಪಟ್ಟಿ ಇದೆ. ರಾಣಿಗೆ ಇದ್ದದ್ದು ಈ ಗುಡಿಯ ಹೆಸರೊಂದೇ. 1987ರಲ್ಲಿ ಯುನೆಸ್ಕೊ ಪಟ್ಟದಕಲ್ಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವತ್ತಿನಿಂದ ಬರುವವರು ಹೆಚ್ಚಾಗಿದ್ದಾರೆ. ವಿರೂಪಾಕ್ಷನಿಗೆ ಪೂಜೆ ಈಗಲೂ ನಡೆಯುತ್ತದೆ. ನಾನು ಹೋದ ದಿನ ಬಸ್ಸಿನಲ್ಲಿ ನನ್ನ ಜತೆ ಬಂದ ಹತ್ತು ಹನ್ನೆರಡು ಹೆಣ್ಣುಮಕ್ಕಳು, ಅವರೂ ಶೂನ್ಯ ಟಿಕೆಟಿನವರೇ, ಸರದಿಯಲ್ಲಿ ನಿಂತು ಕೈ ಮುಗಿದರು. ಈ ಗುಡಿ ಒಬ್ಬ ಹೆಣ್ಣುಮಗಳು ಕಟ್ಟಿಸಿದ್ದು ಅಂದೆ. ಒಬ್ಬ ಹಿರಿಯರು ತಿರುಗಿ ನೋಡಿ, ಹೌದೇನವ್ವಾ, ಆಕೀ ಹೆಸರೇನು ಅಂತ ಕೇಳಿದರು. ಹೇಳಿದೆ. ಎರಡು ಸಲ ಬಾಯಲ್ಲಿ ಹೇಳಿಕೊಂಡು ಮುಂದಕ್ಕೆ ಹೋದರು.

ಇನ್ನೂ ಒಂದು ಸಾಲು ಖಾಲಿ

ಇಷ್ಟು ಹೇಳಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ರಾಣಿಯ ಹೆಸರಿದೆ, ಸೂತ್ರಧಾರಿಯ ಹೆಸರಿದೆ, ಕೆಲವು ಶಿಲ್ಪಿಗಳ ಹೆಸರಿದೆ. ಕಲ್ಲು ಹೊತ್ತವರ, ನೀರು ತಂದವರ, ಅಡುಗೆ ಬೇಯಿಸಿದವರ ಹೆಸರು ಇಲ್ಲ. ಲೋಕಮಹಾದೇವಿಯ ಗುಡಿಯ ದುಡ್ಡು ಬಂದದ್ದಾದರೂ ಎಲ್ಲಿಂದ? ರೈತರ ತೆರಿಗೆಯಿಂದ, ಸೋತವರ ಕಪ್ಪದಿಂದ. ಆಕೆ ಹೆಣ್ಣು ಅನ್ನುವ ಕಾರಣಕ್ಕೆ ಅದು ಬೇರೆ ಆಗುವುದಿಲ್ಲ. ಆಕೆಯನ್ನು ಮೆಚ್ಚುತ್ತಲೇ ಇದನ್ನೂ ಹೇಳಬೇಕು.

ಬಾಗಲಕೋಟೆಯ ನವನಗರದಲ್ಲಿ ಓದುವಾಗ ಹಾಸ್ಟೆಲ್ ಕಿಟಕಿಯಿಂದ ಕಟ್ಟಡದ ಕೆಲಸ ಕಾಣುತ್ತಿತ್ತು. ಹಳೇ ಬಾಗಲಕೋಟೆ ಆಲಮಟ್ಟಿಯ ಹಿನ್ನೀರಿಗೆ ಜಾಗ ಬಿಟ್ಟಾಗ ಎದ್ದ ಊರು ನವನಗರ. ಅಲ್ಲಿ ಕಾಂಕ್ರೀಟ್ ಬುಟ್ಟಿ ತಲೆಯ ಮೇಲೆ ಹೊತ್ತು ಏಣಿ ಏರುತ್ತಿದ್ದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಗಂಡಾಳಿಗೊಂದು ಪಗಾರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಎಸ್ಟಿಮೇಟ್ ಹಾಕುವ ಪಾಠದಲ್ಲಿ ಅದನ್ನು ನಾವು ಪ್ರಶ್ನೆ ಮಾಡದೆ ಕಲಿತೆವು.

ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗ ಇತ್ತು. ಅಜ್ಜಿ ಬೆಳಗಿನಿಂದ ಸಂಜೆವರೆಗೆ ಕಂಡಿಕಿ ಸುತ್ತುತ್ತಿದ್ದಳು. ಹತ್ತಿಯ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವಾಗಲೂ ಅಜ್ಜನ ಎದುರಿಗೆ ಆಕೆಯೇ ಕೂರಬೇಕು. ಆ ಕೊಂಡಿ ಇಲ್ಲದಿದ್ದರೆ ಅದು ಇಳಕಲ್ ಸೀರೆಯೇ ಅಲ್ಲ. ನೇಕಾರ ಅಂತ ಪಾಸ್‌ಬುಕ್ಕಿನಲ್ಲಿ ಇದ್ದದ್ದು ಅಜ್ಜನ ಹೆಸರು. ಅಜ್ಜಿಯನ್ನು ಯಾರಾದರೂ ಏನು ಕೆಲಸ ಮಾಡುತ್ತೀರಿ ಅಂತ ಕೇಳಿದರೆ, ಏನೂ ಇಲ್ಲ, ಮನೀಯಾಗ ಇರ್ತೀನಿ ಅನ್ನುತ್ತಿದ್ದಳು.

ವಾಪಸ್ ಬಂದು ರೀಲ್ ಡಿಲೀಟ್ ಮಾಡಿದೆ. ಹುನಗುಂದದ ಹುಡುಗನಿಗೆ ಉತ್ತರ ಬರೆದೆ: ಗುಂಡ ಕಲ್ಲು ಎಣಿಸಲಿಲ್ಲ ತಮ್ಮಾ, ದಾರ ಹಿಡಿದವನೇ ಅವನು. ರಾಣಿ ಕಟ್ಟಿಸಿದಳು, ಅವನು ಕಟ್ಟಿದ. ಇಬ್ಬರ ಹೆಸರೂ ಅಲ್ಲಿದೆ, ಹೋಗಿ ನೋಡು ಅಂತ. ಜತೆಗೆ ನಾನೂ ಒಂದು ಪ್ರಶ್ನೆ ಕೇಳಿದೆ. ನಿಮ್ಮಪ್ಪ ಕಟ್ಟಿದ ಮನೆಗಳಲ್ಲಿ ಯಾವುದಾದರೂ ಒಂದರ ಮೇಲೆ ಅವರ ಹೆಸರಿದೆಯಾ ಅಂತ.

ಮರುದಿನ ಒಂದು ಫೋಟೊ ಕಳಿಸಿದ. ಹುನಗುಂದದಲ್ಲಿ ಅವರದೇ ಎರಡು ಕೋಣೆಯ ಮನೆ. ಹೊಸಲಿನ ಪಕ್ಕದ ಸಿಮೆಂಟಿನಲ್ಲಿ, ಹಸಿ ಇದ್ದಾಗಲೇ ಮೊಳೆಯಿಂದ ಗೀರಿದ ಅಕ್ಷರಗಳು. ಅಪ್ಪನ ಹೆಸರು, ಅದರ ಕೆಳಗೆ ಅವನವ್ವನ ಹೆಸರು. ಇಟ್ಟಂಗಿ ಹೊತ್ತಿದ್ದು ಆಕೆಯಂತೆ.